ಮ್ಯಾಗ್ನೆಟ್ ಇದ್ದ ಮೇಲೂ ವಿದ್ಯುತ್ ಸೆಕ್ಟರ್ ಯಾಕೆ ಬೇಕು?

ಪ್ರಶ್ನೆ: ಸರ್, ನಾನು ವಿರಾಜಪೇಟೆ ಹತ್ತಿರದವಳು. ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ನಮ್ಮ ಕಾಫಿ ತೋಟದ ಬಾವಿ ನೀರನ್ನು ಒಂದು ಲ್ಯಾಬಿಗೆ ಕಳಿಸಿದ್ದೆವು. ಮಾದರಿ ಕೆಡದಿರಲಿ ಅಂತ ನಾನೇ ಬಾಟಲಿಗೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ್ದೆ. ಲೀಟರಿಗೆ 14 ಮೈಕ್ರೋಗ್ರಾಂ ಆರ್ಸೆನಿಕ್ ಅಂತ ವರದಿ ಬಂತು. ಮನೆಯವರೆಲ್ಲ ಗಾಬರಿಯಾದರು. ಅದೇ ಬಾಟಲಿಯ ಉಳಿದ ನೀರನ್ನು ಇನ್ನೊಂದು ಲ್ಯಾಬಿಗೆ ಕೊಟ್ಟರೆ 1 ಮೈಕ್ರೋಗ್ರಾಂಗಿಂತ ಕಡಿಮೆ ಅಂತ ಬಂತು. ಎರಡನೆಯ ವರದಿಯಲ್ಲಿ 'ಡಬಲ್ ಫೋಕಸಿಂಗ್, ರೆಸಲ್ಯೂಷನ್ 10,000' ಅಂತ ಬರೆದಿದ್ದಾರೆ. ಈ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ಅಯಾನುಗಳನ್ನು (ವಿದ್ಯುತ್ ಆವೇಶ ಇರುವ ಪರಮಾಣು, ಅಣುಗಳನ್ನು) ದ್ರವ್ಯರಾಶಿಯ ಪ್ರಕಾರ ಬೇರೆ ಮಾಡುವುದು ಮ್ಯಾಗ್ನೆಟ್ ಅಂತ ನಮ್ಮ ಪುಸ್ತಕದಲ್ಲಿದೆ. ಜೊತೆಗಿರುವ ವಿದ್ಯುತ್ ಸೆಕ್ಟರಿಗೆ ದ್ರವ್ಯರಾಶಿ ಗೊತ್ತೇ ಆಗುವುದಿಲ್ಲ ಅಂತಲೂ ಇದೆ. ಗೊತ್ತಾಗದ ಭಾಗದಿಂದ ಏನು ಉಪಯೋಗ? ಡಬಲ್ ಅಂದರೆ ಎರಡು ಸಲ ಫೋಕಸ್ ಮಾಡುವುದಾ?

ಉತ್ತರ:

ಮೊದಲು ಮನೆಯವರ ಗಾಬರಿಗೆ ಉತ್ತರ ಕೊಡುತ್ತೇನೆ. ಎರಡನೆಯ ವರದಿಯೇ ನಂಬತಕ್ಕದ್ದು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು, ಹಾಗಾಗಿ 14 ಅಂತ ನೋಡಿದವರಿಗೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಮೊದಲ ಲ್ಯಾಬಿನ ಯಂತ್ರ ಎಣಿಸಿದ್ದರಲ್ಲಿ ಬಹುಪಾಲು ಆರ್ಸೆನಿಕ್ ಅಲ್ಲ, ನೀವು ಬಾಟಲಿಗೆ ಹಾಕಿದ ಆಸಿಡ್ಡಿನ ಕ್ಲೋರಿನ್.

ಅದು ಹೇಗೆ ಅಂತ ನೋಡಿ. ನೀರಿನಲ್ಲಿರುವ ಲೋಹಗಳನ್ನು ಅಳೆಯುವ ಈ ಯಂತ್ರಗಳಲ್ಲಿ ನೀರನ್ನು ಮಂಜಿನ ಹಾಗೆ ಮಾಡಿ, ಆರ್ಗಾನ್ ಪ್ಲಾಸ್ಮಾದೊಳಗೆ, ಅಂದರೆ ಅತಿ ಬಿಸಿಯಾಗಿ ಅಯಾನುಗಳಾಗಿರುವ ಆರ್ಗಾನ್ ಅನಿಲದೊಳಗೆ ಬಿಡುತ್ತಾರೆ. ಅಲ್ಲಿ ಎಲ್ಲವೂ ಒಡೆದು ಅಯಾನುಗಳಾಗುತ್ತವೆ. ಆರ್ಗಾನ್ ಮಾತ್ರ ಎಲ್ಲೆಲ್ಲೂ ಇರುತ್ತದೆ, ಅದು ಸಿಕ್ಕಿದ್ದರ ಜೊತೆ ಅಂಟಿಕೊಳ್ಳುತ್ತದೆ. ಆರ್ಗಾನ್ 40, ಕ್ಲೋರಿನ್ 35. ಕೂಡಿದರೆ 75. ಆರ್ಸೆನಿಕ್ ಕೂಡ 75! ಪ್ರಕೃತಿಯಲ್ಲಿ ಅದಕ್ಕೆ ಬೇರೆ ಐಸೋಟೋಪೇ (ಅದೇ ಧಾತುವಿನ ಬೇರೆ ದ್ರವ್ಯರಾಶಿಯ ರೂಪ) ಇಲ್ಲ, ಆದ್ದರಿಂದ ಬೇರೆ ಸಂಖ್ಯೆಯಲ್ಲಿ ಹೋಗಿ ನೋಡುತ್ತೇನೆ ಅನ್ನುವ ದಾರಿಯೂ ಇಲ್ಲ. ಮೊದಲ ಲ್ಯಾಬಿನದು ಬಹುಶಃ ನಾಲ್ಕು ಸರಳುಗಳ ಕ್ವಾಡ್ರುಪೋಲ್ ಯಂತ್ರ. ಅದು 74, 75, 76ನ್ನು ಬೇರೆ ಬೇರೆ ನೋಡುತ್ತದೆ, ದಶಮಾಂಶದ ಒಳಗೆ ಇಳಿಯುವುದಿಲ್ಲ.

ದಶಮಾಂಶಕ್ಕೆ ಇಳಿದರೆ ವ್ಯತ್ಯಾಸ ಕಾಣುತ್ತದೆ. ಆರ್ಸೆನಿಕ್ಕಿನ ನಿಜವಾದ ದ್ರವ್ಯರಾಶಿ 74.9216. ಆರ್ಗಾನ್ ಕ್ಲೋರೈಡಿನದು 74.9312. ನಡುವಿನ ಅಂತರ ಸುಮಾರು 0.0096. 75ನ್ನು ಈ ಅಂತರದಿಂದ ಭಾಗಿಸಿದರೆ ಸುಮಾರು 7,800 ಬರುತ್ತದೆ. ಇವೆರಡನ್ನು ಬೇರೆಯಾಗಿ ನೋಡಲು ಯಂತ್ರಕ್ಕೆ ಬೇಕಾದ ರೆಸಲ್ಯೂಷನ್ ಅದು. ಎರಡನೆಯ ಲ್ಯಾಬ್ 10,000ದಲ್ಲಿ ಓಡಿಸಿದ್ದು ಸುಮ್ನೆ ಅಲ್ಲ. 10,000 ಅನ್ನುವುದರ ಅರ್ಥವನ್ನೂ ಹೇಳಿಬಿಡುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತಾರೆ: ಯಂತ್ರ ಬರೆಯುವ ನಕ್ಷೆಯಲ್ಲಿ ಒಂದೇ ಎತ್ತರದ ಎರಡು ಶಿಖರಗಳು ದ್ರವ್ಯರಾಶಿಯಲ್ಲಿ 10,000ದಲ್ಲಿ ಒಂದು ಪಾಲಿನಷ್ಟು ದೂರ ಇದ್ದರೂ, ಅವುಗಳ ನಡುವಿನ ಕಣಿವೆ ಶಿಖರದ ಎತ್ತರದ ಶೇಕಡಾ 10ರ ಮಟ್ಟಕ್ಕೆ ಇಳಿಯಬೇಕು. ಸೆಕ್ಟರ್ ಯಂತ್ರಗಳಲ್ಲಿ ಈ ಲೆಕ್ಕವೇ ವಾಡಿಕೆ.

ಈಗ ನಿಮ್ಮ ಅಸಲಿ ಪ್ರಶ್ನೆ. ಮ್ಯಾಗ್ನೆಟ್ ಒಂದೇ ಯಾಕೆ ಸಾಲದು?

ಪುಸ್ತಕ ಹೇಳುವ 'ಮ್ಯಾಗ್ನೆಟ್ ದ್ರವ್ಯರಾಶಿಯ ಪ್ರಕಾರ ಬೇರೆ ಮಾಡುತ್ತದೆ' ಅನ್ನುವ ಮಾತು ಅರ್ಧ ಮಾತ್ರ ನಿಜ. ಮ್ಯಾಗ್ನೆಟ್ಟಿಗೆ ಕಾಣುವುದು ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ, ಅಂದರೆ ಸಂವೇಗ. ಅಯಾನು ಹೊರಡುವಾಗ ಅದನ್ನು ಒಂದು ವೋಲ್ಟೇಜಿನಿಂದ ತಳ್ಳುತ್ತಾರೆ, ಈ ಜಾತಿಯ ಯಂತ್ರಗಳಲ್ಲಿ ಅದು 8,000 ವೋಲ್ಟ್ ಇರಬಹುದು. ಆ ನೂಕಿಗೆ ಆರ್ಸೆನಿಕ್ ಅಯಾನು ಸೆಕೆಂಡಿಗೆ ಸುಮಾರು 143 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಒಂದು ಸೆಕೆಂಡೂ ಬೇಡ. ಮ್ಯಾಗ್ನೆಟ್ಟಿನೊಳಗೆ ಅದು ವೃತ್ತದ ದಾರಿ ಹಿಡಿಯುತ್ತದೆ. ಆ ವೃತ್ತದ ತ್ರಿಜ್ಯ ಎಷ್ಟು ಅಂತ ಲೆಕ್ಕ ಹಾಕಿದರೆ, ದ್ರವ್ಯರಾಶಿಯನ್ನು ಶಕ್ತಿಯಿಂದ ಗುಣಿಸಿ ವರ್ಗಮೂಲ ತೆಗೆದದ್ದಕ್ಕೆ ತಕ್ಕಂತೆ ಬರುತ್ತದೆ. ಇಲ್ಲಿ ಸ್ವಲ್ಪ ನಿಂತು ನೋಡಿ. ದ್ರವ್ಯರಾಶಿಯೂ ಶಕ್ತಿಯೂ ಆ ಗುಣಾಕಾರದಲ್ಲಿ ಸಮಸಮ ಕೂತಿವೆ. ಸಾವಿರದಲ್ಲಿ ಒಂದು ಪಾಲು ಜಾಸ್ತಿ ಭಾರ ಇರುವ ಅಯಾನು ಮತ್ತು ಸಾವಿರದಲ್ಲಿ ಒಂದು ಪಾಲು ಜಾಸ್ತಿ ಶಕ್ತಿ ಇರುವ ಅಯಾನು, ಎರಡೂ ಒಂದೇ ಜಾಗಕ್ಕೆ ಹೋಗಿ ಬೀಳುತ್ತವೆ. ಯಾವುದು ಯಾವುದು ಅಂತ ಮ್ಯಾಗ್ನೆಟ್ ಹೇಳಲಾರದು.

ನಮ್ಮ ಕಡೆ ಗದ್ದೆ ಕೆಲಸ ನೋಡಿದವರಿಗೆ ಭತ್ತ ತೂರುವುದು ಗೊತ್ತು. ಗಾಳಿ ಬೀಸುವಾಗ ಮೊರ ಎತ್ತಿ ಹಿಡಿದು ಸಣ್ಣಗೆ ಸುರಿಸುತ್ತಾರೆ. ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಜೊಳ್ಳು ದೂರ ಹೋಗುತ್ತದೆ. ಕೈ ಒಂದೇ ಹದದಲ್ಲಿ ಇರುವವರೆಗೆ ಎರಡು ರಾಶಿ ಬೇರೆ ಬೇರೆ. ಕೈ ಒಮ್ಮೆ ಜೋರಾಗಿ ಎಸೆದು ಒಮ್ಮೆ ಮೆಲ್ಲಗೆ ಬಿಟ್ಟರೆ, ಜೋರಾಗಿ ಎಸೆದ ಗಟ್ಟಿ ಕಾಳು ಜೊಳ್ಳಿನ ರಾಶಿಗೆ ಹೋಗಿ ಸೇರುತ್ತದೆ. ಗಾಳಿಯ ತಪ್ಪೇನೂ ಇಲ್ಲ, ಎಸೆತ ಒಂದೇ ಸಮ ಇರಲಿಲ್ಲ, ಅಷ್ಟೇ.

ಅಯಾನುಗಳ ಎಸೆತವೂ ಒಂದೇ ಸಮ ಇರುವುದಿಲ್ಲ. 8,000 ವೋಲ್ಟ್ ಎಲ್ಲಕ್ಕೂ ಒಂದೇ ಆದರೂ, ಅದು ಸಿಗುವ ಮೊದಲೇ ಅಯಾನುಗಳಲ್ಲಿ ಸ್ವಲ್ಪ ಸ್ವಲ್ಪ ಬೇರೆ ಶಕ್ತಿ ಇರುತ್ತದೆ. ಎಷ್ಟು ಬೇರೆ ಅನ್ನುವುದು ಅಯಾನು ಹುಟ್ಟಿದ ಜಾಗದ ಮೇಲೆ ನಿಂತಿದೆ. ಕಾದ ತಂತಿಯ ಮೇಲಿಂದ ಎದ್ದ ಅಯಾನುಗಳಲ್ಲಿ ವ್ಯತ್ಯಾಸ ಒಂದು ಎಲೆಕ್ಟ್ರಾನ್ ವೋಲ್ಟಿಗಿಂತ (ಒಂದು ವೋಲ್ಟ್ ತಳ್ಳಿದಾಗ ಇಂಥ ಅಯಾನಿಗೆ ಸಿಗುವ ಶಕ್ತಿಗಿಂತ) ಕಡಿಮೆ. ಹಾಗಾಗಿ ತಂತಿಯ ಮೇಲೆ ಮಾದರಿ ಇಟ್ಟು ಕಾಯಿಸುವ ಯಂತ್ರಗಳು ಮ್ಯಾಗ್ನೆಟ್ ಒಂದರಲ್ಲೇ ಚೆನ್ನಾಗಿ ನಡೆಯುತ್ತವೆ. ಆರ್ಗಾನ್ ಪ್ಲಾಸ್ಮಾದಿಂದ ಬಂದವುಗಳಲ್ಲಿ ಕೆಲವು ಎಲೆಕ್ಟ್ರಾನ್ ವೋಲ್ಟಿನಿಂದ ಹಿಡಿದು 20ರ ಹತ್ತಿರದವರೆಗೂ ಹೋಗಬಹುದು. ಇನ್ನು ಕಿಡಿ ಹಾರಿಸಿ ಅಯಾನು ಮಾಡುವ ಹಳೆಯ ಸ್ಪಾರ್ಕ್ ಯಂತ್ರಗಳಲ್ಲಿ ಸಾವಿರ ದಾಟುತ್ತಿತ್ತು!

ನಿಮ್ಮ ಮಾದರಿಗೆ ಈ ಲೆಕ್ಕ ಹಾಕಿ ನೋಡೋಣ. ಪ್ಲಾಸ್ಮಾದ ಶಕ್ತಿ ವ್ಯತ್ಯಾಸ 5 ಎಲೆಕ್ಟ್ರಾನ್ ವೋಲ್ಟ್ ಅಂತಲೇ ಇಟ್ಟುಕೊಳ್ಳಿ. 8,000ದಲ್ಲಿ 5 ಅಂದರೆ 1,600ರಲ್ಲಿ ಒಂದು ಪಾಲು. ಅಲ್ಲಿಗೆ ಮ್ಯಾಗ್ನೆಟ್ ಒಂದರ ರೆಸಲ್ಯೂಷನ್ 1,600ಕ್ಕೇ ನಿಂತಿತು, ಅಯಾನುಗಳು ಹಾದುಹೋಗುವ ಸೀಳನ್ನು, ಅಂದರೆ ಸ್ಲಿಟ್ಟನ್ನು, ಎಷ್ಟೇ ಸಣ್ಣ ಮಾಡಿದರೂ ಮೇಲೇರುವುದಿಲ್ಲ. ನಮಗೆ ಬೇಕಾದದ್ದು 7,800. ಇನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತೇನೆ. 0.4 ಟೆಸ್ಲಾ ಮ್ಯಾಗ್ನೆಟ್ಟಿನಲ್ಲಿ ಆರ್ಸೆನಿಕ್ ಸುಮಾರು 28 ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತದೆ. ಅರ್ಧ ಸುತ್ತು ಬರುವಷ್ಟರಲ್ಲಿ ಆರ್ಸೆನಿಕ್ ಮತ್ತು ಆರ್ಗಾನ್ ಕ್ಲೋರೈಡ್ ನಡುವೆ ಬೀಳುವ ಅಂತರ ಸುಮಾರು 36 ಮೈಕ್ರಾನ್, ತಲೆಕೂದಲಿನ ಅರ್ಧ ದಪ್ಪ ಅನ್ನಿ. ಶಕ್ತಿ ವ್ಯತ್ಯಾಸದಿಂದಾಗಿ ಎರಡೂ ತಲಾ 175 ಮೈಕ್ರಾನ್ ಹರಡಿಕೊಂಡಿರುತ್ತವೆ. 36 ಮೈಕ್ರಾನ್ ಅಂತರವನ್ನು 175 ಮೈಕ್ರಾನ್ ಮಸುಕಿನಲ್ಲಿ ಹುಡುಕುವುದು ಹೇಗೆ? ಆಗುವುದಿಲ್ಲ.

ಇದೊಂದೇ ತೊಂದರೆ ಅಲ್ಲ. ಅಯಾನುಗಳು ಸ್ಲಿಟ್ಟಿನಿಂದ ಹೊರಡುವಾಗ ಎಲ್ಲವೂ ನೆಟ್ಟಗೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಕೆಲವು ಸ್ವಲ್ಪ ಎಡಕ್ಕೆ, ಕೆಲವು ಬಲಕ್ಕೆ ಓರೆಯಾಗಿ ಹೊರಡುತ್ತವೆ. ಹೀಗೆ ದೋಷಗಳು ಎರಡು: ದಿಕ್ಕು ಒಂದೇ ಇಲ್ಲ, ಶಕ್ತಿ ಒಂದೇ ಇಲ್ಲ. ಡಬಲ್ ಅನ್ನುವುದು ಈ ಎರಡು ದೋಷಗಳ ಲೆಕ್ಕ. ಎರಡು ಸಲ ಫೋಕಸ್ ಮಾಡುವುದು ಅಂತ ಅರ್ಥ ಅಲ್ಲ. ದಿಕ್ಕು ಬೇರೆಯಾದವೂ, ಶಕ್ತಿ ಬೇರೆಯಾದವೂ, ದ್ರವ್ಯರಾಶಿ ಒಂದೇ ಆಗಿದ್ದರೆ ಸಾಕು, ಕೊನೆಯ ಸ್ಲಿಟ್ಟಿನಲ್ಲಿ ಒಂದೇ ಗೆರೆಗೆ ಬಂದು ಸೇರಬೇಕು.

ದಿಕ್ಕಿನ ದೋಷ ಸುಲಭದ್ದು, ಅದನ್ನು ಮ್ಯಾಗ್ನೆಟ್ ತಾನೇ ಸರಿ ಮಾಡಿಕೊಳ್ಳುತ್ತದೆ. ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಬಳೆ ತಗೊಳ್ಳಿ. ಒಂದರ ಮೇಲೊಂದು ಇಟ್ಟು ಮೇಲಿನದನ್ನು ಒಂದು ಚೂರು ಸರಿಸಿ. ಎರಡು ಬಳೆ ಒಂದು ಕಡೆ ಒಂದನ್ನೊಂದು ದಾಟುತ್ತವೆ, ಅದರ ಎದುರು ಬದಿಯಲ್ಲಿ ಹೆಚ್ಚುಕಮ್ಮಿ ಅರ್ಧ ಸುತ್ತಿನ ದೂರಕ್ಕೆ ಮತ್ತೆ ದಾಟುತ್ತವೆ. ಮೊದಲು ದಾಟಿದ ಜಾಗ ಅಯಾನು ಹೊರಡುವ ಸ್ಲಿಟ್, ಎರಡನೆಯದು ಬಂದು ಸೇರುವ ಸ್ಲಿಟ್. ಓರೆಯಾಗಿ ಹೊರಟರೂ ವೃತ್ತದ ಅಳತೆ ಒಂದೇ ಇದ್ದರೆ ಕೊನೆಗೆ ಒಂದೇ ಕಡೆ ಬರುತ್ತವೆ. ಶಿಕಾಗೋದಲ್ಲಿ ಆರ್ಥರ್ ಡೆಂಪ್‌ಸ್ಟರ್ 1918ರಲ್ಲಿ ಕಟ್ಟಿದ ಯಂತ್ರ ಇದೇ, ಅಯಾನುಗಳನ್ನು 180 ಡಿಗ್ರಿ ತಿರುಗಿಸುತ್ತಿತ್ತು. ಪೂರಾ ಅರ್ಧ ಸುತ್ತೇ ಬೇಕೆಂದಿಲ್ಲ. 60 ಅಥವಾ 90 ಡಿಗ್ರಿಯ ತುಂಡು ಮ್ಯಾಗ್ನೆಟ್ಟಿನಲ್ಲೂ ಇದು ನಡೆಯುತ್ತದೆ. ಹೊರಬದಿಗೆ ವಾಲಿದ ಅಯಾನು ಮ್ಯಾಗ್ನೆಟ್ಟಿನೊಳಗೆ ಜಾಸ್ತಿ ದೂರ ಓಡಬೇಕು, ಆದ್ದರಿಂದ ಜಾಸ್ತಿ ಬಾಗುತ್ತದೆ. ಒಳಬದಿಯದ್ದು ಕಡಿಮೆ ಓಡಿ ಕಡಿಮೆ ಬಾಗುತ್ತದೆ. ಹೊರಗೆ ಬಂದ ಮೇಲೆ ಮಸೂರದಿಂದ ಬಂದ ಬೆಳಕಿನ ಹಾಗೆ ಎರಡೂ ಕೂಡುತ್ತವೆ. 'ಸೆಕ್ಟರ್' ಅನ್ನುವ ಹೆಸರು ಈ ತುಂಡಿನಿಂದಲೇ ಬಂದದ್ದು.

ಈಗ ಒಂದು ಬಳೆ ತೆಗೆದು ಸ್ವಲ್ಪ ದೊಡ್ಡ ಅಳತೆಯದ್ದು ಇಡಿ, ಒಂದು ಕಡೆ ಎರಡರ ಅಂಚೂ ತಾಗಿಸಿ. ಎದುರು ಬದಿಯಲ್ಲಿ ಅವು ಸೇರುವುದಿಲ್ಲ, ನಡುವೆ ಸಂದು ಉಳಿಯುತ್ತದೆ. ಆ ದೊಡ್ಡ ಬಳೆ ಭಾರದ ಅಯಾನಿನದ್ದೂ ಇರಬಹುದು, ಶಕ್ತಿ ಜಾಸ್ತಿ ಇರುವ ಅಯಾನಿನದ್ದೂ ಇರಬಹುದು. ಸಂದು ನೋಡಿ ಹೇಳಲು ಬರುವುದಿಲ್ಲ. ಭಾರದಿಂದ ಬಂದ ಸಂದು ನಮಗೆ ಬೇಕು, ಶಕ್ತಿಯಿಂದ ಬಂದದ್ದು ಬೇಡ. ಮ್ಯಾಗ್ನೆಟ್ ಎರಡನ್ನೂ ಒಟ್ಟಿಗೇ ಕೊಡುತ್ತದೆ.

ಇಲ್ಲಿ ವಿದ್ಯುತ್ ಸೆಕ್ಟರ್ ಬೇಕಾಗುತ್ತದೆ. ಬಾಗಿದ ಎರಡು ಲೋಹದ ತಗಡು, ನಡುವೆ ಬೆರಳು ತೂರುವಷ್ಟು ಜಾಗ, ಅದೇ ಅಯಾನುಗಳ ದಾರಿ. ಹೊರಗಿನ ತಗಡಿಗೆ ಪ್ಲಸ್, ಒಳಗಿನದಕ್ಕೆ ಮೈನಸ್ ವೋಲ್ಟೇಜ್. ಒಳಗೆ ಬಂದ ಧನ ಅಯಾನನ್ನು ಹೊರಗಿನದು ತಳ್ಳುತ್ತದೆ, ಒಳಗಿನದು ಎಳೆಯುತ್ತದೆ, ಅದು ಬಾಗಿ ಹೋಗುತ್ತದೆ. ಬಾಗಲು ಬೇಕಾದ ಬಲ ಎಷ್ಟು? ದ್ರವ್ಯರಾಶಿ ಗುಣಿಸು ವೇಗದ ವರ್ಗ, ಅದನ್ನು ತ್ರಿಜ್ಯದಿಂದ ಭಾಗಿಸಬೇಕು. ಮೇಲಿನ ಆ ಗುಣಲಬ್ಧ ಚಲನಶಕ್ತಿಯ ಎರಡರಷ್ಟೇ ಅಲ್ವಾ? ಒಂದೇ ವೋಲ್ಟೇಜಿನಿಂದ ತಳ್ಳಿದ ಮೇಲೆ ಹಗುರದ ಅಯಾನಿಗೂ ಭಾರದ ಅಯಾನಿಗೂ ಸಿಗುವ ಚಲನಶಕ್ತಿ ಒಂದೇ. ಹಾಗಾಗಿ ದ್ರವ್ಯರಾಶಿ ಲೆಕ್ಕದಿಂದಲೇ ಬಿದ್ದುಹೋಯಿತು. 8,000 ವೋಲ್ಟಿನಲ್ಲಿ ಬಂದ ಅಯಾನನ್ನು 40 ಸೆಂಟಿಮೀಟರ್ ತ್ರಿಜ್ಯದಲ್ಲಿ ಬಾಗಿಸಲು ಸೆಂಟಿಮೀಟರಿಗೆ 400 ವೋಲ್ಟ್ ಬೇಕು. ಅಯಾನು ಲಿಥಿಯಂ ಇರಲಿ, ಯುರೇನಿಯಂ ಇರಲಿ, ಅದೇ 400. ನಿಮ್ಮ ಪುಸ್ತಕ ಹೇಳಿದ್ದು ಸರಿ, ಅದಕ್ಕೆ ದ್ರವ್ಯರಾಶಿ ಕಾಣುವುದೇ ಇಲ್ಲ.

ಕಾಣದೇ ಇರುವುದೇ ಅದರ ಬೆಲೆ. ಶಕ್ತಿಯೊಂದನ್ನೇ ನೋಡುವುದರಿಂದ, ಅದು ಅಯಾನುಗಳನ್ನು ಶಕ್ತಿಯ ಪ್ರಕಾರ ಮಾತ್ರ ಹರಡಿ ಇಡುತ್ತದೆ. ಜಾಸ್ತಿ ಶಕ್ತಿಯವು ತಿರುವಿನ ಹೊರಬದಿಗೆ, ಕಡಿಮೆಯವು ಒಳಬದಿಗೆ. ಆರ್ಸೆನಿಕ್ ಮತ್ತು ಆರ್ಗಾನ್ ಕ್ಲೋರೈಡ್ ಈ ಸಾಲಿನಲ್ಲಿ ಇನ್ನೂ ಬೆರೆತೇ ಇರುತ್ತವೆ. ಭಾರಕ್ಕೆ ಕೈ ಹಾಕದೆ ಶಕ್ತಿಯನ್ನು ಮಾತ್ರ ಮುಟ್ಟುವ ಒಂದು ಉಪಾಯ ನಮಗೆ ಸಿಕ್ಕಿತು.

ಇಲ್ಲಿ ಬಹಳ ಜನ ಎಡವುತ್ತಾರೆ, ನಾನು ಪಾಠ ಮಾಡಿದ ವರ್ಷಗಳಲ್ಲೆಲ್ಲ ನೋಡಿದ್ದೇನೆ. ವಿದ್ಯುತ್ ಸೆಕ್ಟರ್ ಅಂದರೆ ಒಂದು ಜರಡಿ, ಒಂದೇ ಶಕ್ತಿಯ ಅಯಾನುಗಳನ್ನು ಆರಿಸಿ ಉಳಿದದ್ದನ್ನು ಎಸೆಯುತ್ತದೆ, ಆಮೇಲೆ ಮ್ಯಾಗ್ನೆಟ್ ಶುದ್ಧವಾದ ಕಿರಣವನ್ನು ಬಿಡಿಸುತ್ತದೆ ಅಂತ ತಿಳಿಯುತ್ತಾರೆ. ಹಾಗೆ ಮಾಡಲು ಬರುತ್ತದೆ, ಎರಡು ಸೆಕ್ಟರಿನ ನಡುವೆ ಒಂದು ಸಣ್ಣ ಸ್ಲಿಟ್ ಇಟ್ಟರೆ ಆಯಿತು. ಆದರೆ ಎಸೆದ ಅಯಾನುಗಳು ಹೋದವು. ಲೀಟರಿಗೆ 1 ಮೈಕ್ರೋಗ್ರಾಂ ಹುಡುಕುವವರಿಗೆ ಒಂದೊಂದು ಅಯಾನೂ ಮುಖ್ಯ, ಹತ್ತರಲ್ಲಿ ಒಂಬತ್ತನ್ನು ಎಸೆದರೆ ಅಳೆಯಲು ಏನು ಉಳಿಯುತ್ತದೆ? ಡಬಲ್ ಫೋಕಸಿಂಗಿನ ಸೊಗಸು ಇರುವುದೇ ಇಲ್ಲಿ: ಬೇರೆ ಬೇರೆ ಶಕ್ತಿಯ ಅಯಾನುಗಳನ್ನು ಎಸೆಯದೆ ಇಟ್ಟುಕೊಂಡು, ಕೊನೆಯಲ್ಲಿ ಮತ್ತೆ ಒಂದು ಗೆರೆಗೆ ತರುತ್ತದೆ.

ಹೇಗೆ ತರುತ್ತದೆ ಅನ್ನುವುದಕ್ಕೆ ಸಮೀಕರಣ ಬರೆಯದೆ ಅರ್ಥ ಮಾಡಿಸುವ ಒಂದು ದಾರಿ ಇದೆ. ಅಯಾನುಗಳನ್ನು ಹಿಂದಕ್ಕೆ ಓಡಿಸಿ ನೋಡಿ. ಕೊನೆಯ ಸ್ಲಿಟ್ಟಿನಿಂದಲೇ ಒಂದೇ ದ್ರವ್ಯರಾಶಿಯ, ಬೇರೆ ಬೇರೆ ಶಕ್ತಿಯ ಅಯಾನುಗಳು ಹೊರಡುತ್ತವೆ ಅಂದುಕೊಳ್ಳಿ. ಮ್ಯಾಗ್ನೆಟ್ಟಿನ ಉತ್ತರ ದಕ್ಷಿಣ ಅದಲು ಬದಲು ಮಾಡಿದರೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತವೆ. ಮ್ಯಾಗ್ನೆಟ್ ದಾಟಿ ಈಚೆ ಬಂದಾಗ ಅವು ಹರಡಿರುತ್ತವೆ: ಶಕ್ತಿ ಜಾಸ್ತಿ ಇದ್ದವು ಹೊರಬದಿಗೆ, ಕಡಿಮೆ ಇದ್ದವು ಒಳಬದಿಗೆ. ಎಷ್ಟು ಹರಡಿದವು ಅಂತ ಗುರುತು ಹಾಕಿಕೊಳ್ಳಿ. ಈಗ ಮ್ಯಾಗ್ನೆಟ್ಟಿಗಿಂತ ಮುಂಚೆ ಬರುವ ವಿದ್ಯುತ್ ಸೆಕ್ಟರನ್ನು ಹೀಗೆ ಕಟ್ಟಿ: ಅದು ಅಯಾನುಗಳನ್ನು ಅದೇ ಗುರುತಿನ ಮೇಲೆ, ಅದೇ ಬದಿಗೆ, ಅಷ್ಟೇ ಅಂತರದಲ್ಲಿ ತಂದು ಇಡಬೇಕು. ಹಾಗೆ ಇಟ್ಟ ಮೇಲೆ ಮ್ಯಾಗ್ನೆಟ್ಟಿಗೆ ಬೇರೆ ದಾರಿ ಇಲ್ಲ. ಹಿಂದಕ್ಕೆ ಓಡಿಸಿದಾಗ ಹರಡಿದ್ದನ್ನು ಮುಂದಕ್ಕೆ ಓಡಿಸಿದಾಗ ಕೂಡಿಸಲೇಬೇಕು. ಶಕ್ತಿಯಿಂದ ಬಂದ ಸಂದು ಮುಚ್ಚಿತು. ದ್ರವ್ಯರಾಶಿಯಿಂದ ಬರುವ ಸಂದು? ಅದನ್ನು ವಿದ್ಯುತ್ ಸೆಕ್ಟರ್ ಮುಟ್ಟಿಯೇ ಇಲ್ಲ, ಮ್ಯಾಗ್ನೆಟ್ ತೆರೆದದ್ದು ತೆರೆದ ಹಾಗೇ ಉಳಿಯಿತು. ನನಗೆ ಇದು ಮೊದಲ ಸಲ ಹೊಳೆದದ್ದು ಎಂ.ಎಸ್ಸಿ. ಮುಗಿಸಿ ಎಷ್ಟೋ ವರ್ಷ ಆದ ಮೇಲೆ, ಯಂತ್ರದ ಮುಂದೆ ಕೂತಿದ್ದಾಗ. ಇವತ್ತಿಗೂ ಬರೆಯುವಾಗ ಖುಷಿಯಾಗುತ್ತದೆ.

ದಿಕ್ಕಿನ ಕೆಲಸದಲ್ಲೂ ವಿದ್ಯುತ್ ಸೆಕ್ಟರ್ ಕೈ ಜೋಡಿಸುತ್ತದೆ. ಹೊರಗಿನ ತಗಡಿನ ಕಡೆ ವಾಲಿದ ಅಯಾನು ಪ್ಲಸ್ಸಿನ ಏರು ಹತ್ತಬೇಕು, ವೇಗ ಕಳೆದುಕೊಳ್ಳುತ್ತದೆ, ನಿಧಾನ ಆದದ್ದರಿಂದ ಜಾಸ್ತಿ ಬಾಗಿ ನಡುವಿಗೆ ಬರುತ್ತದೆ. ಒಳಕ್ಕೆ ವಾಲಿದ್ದು ಇಳಿಜಾರಿನಲ್ಲಿ ವೇಗ ಹೆಚ್ಚಿಸಿಕೊಂಡು ಕಡಿಮೆ ಬಾಗುತ್ತದೆ. ಕೋನ, ತ್ರಿಜ್ಯ, ಎರಡು ಸೆಕ್ಟರಿನ ನಡುವಿನ ದೂರ, ಇವನ್ನೆಲ್ಲ ಹೊಂದಿಸಿ, ದಿಕ್ಕಿನ ಫೋಕಸ್ಸೂ ಶಕ್ತಿಯ ಫೋಕಸ್ಸೂ ಒಂದೇ ಜಾಗದಲ್ಲಿ ಬೀಳುವ ಹಾಗೆ ಮಾಡಬೇಕು. ಬೇರೆ ಬೇರೆ ಜಾಗದಲ್ಲಿ ಬಿದ್ದರೆ ಪ್ರಯೋಜನ ಇಲ್ಲ.

ಇದು ಒಬ್ಬರಿಗೆ ಒಂದೇ ದಿನ ಹೊಳೆದದ್ದಲ್ಲ. ಡೆಂಪ್‌ಸ್ಟರ್ ಹತ್ತಿರ ದಿಕ್ಕಿನ ಫೋಕಸ್ ಮಾತ್ರ ಇತ್ತು. ಮರುವರ್ಷ, 1919ರಲ್ಲಿ, ಕೇಂಬ್ರಿಡ್ಜಿನಲ್ಲಿ ಫ್ರಾನ್ಸಿಸ್ ಆಸ್ಟನ್ ವಿದ್ಯುತ್ತನ್ನೂ ಮ್ಯಾಗ್ನೆಟ್ಟನ್ನೂ ಒಂದರ ಹಿಂದೆ ಒಂದು ಇಟ್ಟು ವೇಗದ ಫೋಕಸ್ ಸಾಧಿಸಿದ, ಅವನ ಹತ್ತಿರ ದಿಕ್ಕಿನದ್ದು ಇರಲಿಲ್ಲ. ಕಿರಣವನ್ನು ತೀರಾ ಸಣ್ಣ ಸ್ಲಿಟ್ಟುಗಳಲ್ಲಿ ಹಾಯಿಸಿ ಸುಧಾರಿಸಿಕೊಂಡ. ಅವನ ಮೊದಲ ಯಂತ್ರದ ರೆಸಲ್ಯೂಷನ್ 130ರಷ್ಟು. ಅಷ್ಟರಲ್ಲೇ ನಿಯಾನ್ 20 ಮತ್ತು 22 ಬೇರೆ ಬೇರೆ ಅಂತ ಖಚಿತ ಮಾಡಿದ, 1922ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಬ್ಬರ ಹತ್ತಿರವೂ ಅರ್ಧ ಅರ್ಧ. ಎರಡನ್ನೂ ಕೂಡಿಸುವ ಲೆಕ್ಕ 1934ರಲ್ಲಿ ವಿಯೆನ್ನಾದ ಮಾಟಾಖ್ ಮತ್ತು ಹೆರ್ಜೋಗ್ ಕೈಯಲ್ಲಿ ಪೂರ್ತಿಯಾಯಿತು. ಡೆಂಪ್‌ಸ್ಟರ್ ಕೂಡ ತನ್ನದೇ ಡಬಲ್ ಫೋಕಸಿಂಗ್ ಯಂತ್ರ ಕಟ್ಟಿ 1935ರಲ್ಲಿ ಯುರೇನಿಯಂ 235 ಇದೆ ಅಂತ ತೋರಿಸಿದ.

ಇವತ್ತು ಜಾಸ್ತಿ ಕಾಣುವುದು ಎರಡು ವಿನ್ಯಾಸ. ಮಾಟಾಖ್-ಹೆರ್ಜೋಗ್‌ನಲ್ಲಿ ವಿದ್ಯುತ್ ಸೆಕ್ಟರ್ 31.8 ಡಿಗ್ರಿ ಒಂದು ಕಡೆಗೆ ಬಾಗಿಸಿದರೆ ಮ್ಯಾಗ್ನೆಟ್ 90 ಡಿಗ್ರಿ ಇನ್ನೊಂದು ಕಡೆಗೆ ಬಾಗಿಸುತ್ತದೆ, ದಾರಿ ಹಾವಿನ ಹಾಗೆ ಡೊಂಕು. ಇದರ ವಿಶೇಷ ಏನೆಂದರೆ ಎಲ್ಲ ದ್ರವ್ಯರಾಶಿಗಳೂ ಒಂದು ನೇರ ಗೆರೆಯ ಉದ್ದಕ್ಕೆ ಒಟ್ಟಿಗೇ ಫೋಕಸ್ ಆಗುತ್ತವೆ. ಹಿಂದೆ ಆ ಗೆರೆಯ ಮೇಲೆ ಫೋಟೋ ಪ್ಲೇಟ್ ಇಡುತ್ತಿದ್ದರು. ಇನ್ನೊಂದು ನೀರ್ ಮತ್ತು ಜಾನ್ಸನ್ ಎಂಬ ಇಬ್ಬರ ಹೆಸರಿನ ನೀರ್-ಜಾನ್ಸನ್, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಬಂದದ್ದು. ಎರಡು ಸೆಕ್ಟರೂ ಒಂದೇ ಕಡೆಗೆ ಬಾಗಿಸುತ್ತವೆ. ನಾನು ಹಿಂದಕ್ಕೆ ಓಡಿಸಿ ವಿವರಿಸಿದ್ದು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು. ಇಲ್ಲಿ ಒಂದು ಸಲಕ್ಕೆ ಒಂದು ದ್ರವ್ಯರಾಶಿ ಮಾತ್ರ ಕೊನೆಯ ಸ್ಲಿಟ್ಟಿಗೆ ಬರುತ್ತದೆ, ಆದರೆ ಆ ಒಂದು ಜಾಗದಲ್ಲಿ ಫೋಕಸ್ ಬಹಳ ಚೊಕ್ಕ. ಸೆಕ್ಟರುಗಳ ಕ್ರಮ ತಿರುಗಿಸಿ ಮ್ಯಾಗ್ನೆಟ್ ಮೊದಲು, ವಿದ್ಯುತ್ ಆಮೇಲೆ ಇಟ್ಟರೂ ಲೆಕ್ಕ ಅದೇ. ಪ್ಲಾಸ್ಮಾ ಯಂತ್ರಗಳಲ್ಲಿ ಈ ತಿರುಗಿಸಿದ ಕ್ರಮ ಅನುಕೂಲ, ಯಾಕೆಂದರೆ ಪ್ರವಾಹದ ಹಾಗೆ ಬರುವ ಆರ್ಗಾನ್ ಅಯಾನುಗಳನ್ನು ಮ್ಯಾಗ್ನೆಟ್ ಮೊದಲೇ ಬದಿಗೆ ತಳ್ಳಿಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ರೆಸಲ್ಯೂಷನ್ ನಿರ್ಧಾರ ಮಾಡುವುದು ಸ್ಲಿಟ್ ಅಗಲ. ಮಸುಕು ಹೋದ ಮೇಲೆ ಸ್ಲಿಟ್ ಸಣ್ಣ ಮಾಡಿದಷ್ಟೂ ಶಿಖರ ಚೂಪಾಗುತ್ತದೆ, ಮ್ಯಾಗ್ನೆಟ್ ಒಂದೇ ಇದ್ದಾಗ ಇದು ನಡೆಯುತ್ತಿರಲಿಲ್ಲ. ಪ್ಲಾಸ್ಮಾ ಸೆಕ್ಟರ್ ಯಂತ್ರಗಳಲ್ಲಿ ಸಾಮಾನ್ಯವಾಗಿ 300, 4,000, 10,000 ಅಂತ ಮೂರು ಹಂತ ಕೊಟ್ಟಿರುತ್ತಾರೆ. ಕಬ್ಬಿಣ 56ರ ಮೇಲೆ ಕೂರುವ ಆರ್ಗಾನ್ ಆಕ್ಸೈಡನ್ನು ಬಿಡಿಸಲು 2,500 ಸಾಕು, ಅಲ್ಲಿ 4,000ದ ಹಂತ ನಡೆಯುತ್ತದೆ. ಆರ್ಸೆನಿಕ್ಕಿಗೆ ಮಾತ್ರ 10,000ಕ್ಕೇ ಹೋಗಬೇಕು. ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು: 300ರಲ್ಲಿ ನೂರು ಅಯಾನು ಡಿಟೆಕ್ಟರ್ ಮುಟ್ಟುತ್ತಿದ್ದರೆ 10,000ದಲ್ಲಿ ಒಂದೋ ಎರಡೋ ಮುಟ್ಟುತ್ತವೆ. ಶಕ್ತಿ ಬೇರೆ ಇದೆ ಅಂತ ಅಯಾನುಗಳನ್ನು ನಡುವೆಯೇ ಎಸೆದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ಯಂತ್ರ ನಡೆಸುವವರ ಕಷ್ಟವನ್ನೂ ಒಂದಿಷ್ಟು ಹೇಳಬೇಕು, ಪುಸ್ತಕದಲ್ಲಿ ಇದು ಇರುವುದಿಲ್ಲ. ದ್ರವ್ಯರಾಶಿ ಮ್ಯಾಗ್ನೆಟ್ಟಿನ ಬಲದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಮ್ಯಾಗ್ನೆಟ್ ಬಲ 10,000ದಲ್ಲಿ ಒಂದು ಪಾಲು ಜಾರಿದರೆ ಶಿಖರ ಎರಡು ಪಾಲು ಜಾರುತ್ತದೆ, ಅಂದರೆ ತನ್ನ ಅಗಲದ ಎರಡರಷ್ಟು. ನೀವು ಆರ್ಸೆನಿಕ್ ಅಂತ ನೋಡುತ್ತಿರುವ ಜಾಗದಲ್ಲಿ ಅದು ಇರುವುದೇ ಇಲ್ಲ. ಆದ್ದರಿಂದ ಕೋಣೆಯ ಬಿಸಿ ಒಂದೇ ಸಮ ಇರಬೇಕು, ಗೊತ್ತಿರುವ ಒಂದು ಅಯಾನನ್ನು ಆಗಾಗ ನೋಡಿ ಗುರುತು ಸರಿಪಡಿಸುತ್ತಿರಬೇಕು. ಕಬ್ಬಿಣದ ಮ್ಯಾಗ್ನೆಟ್ ಹೇಳಿದ ಕೂಡಲೇ ಬದಲಾಗುವುದೂ ಇಲ್ಲ, ಹಿಂದಿನ ಬಲದ ನೆನಪು ಉಳಿಸಿಕೊಳ್ಳುತ್ತದೆ. ಹಾಗಾಗಿ ಹತ್ತಿರದ ದ್ರವ್ಯರಾಶಿಗಳಿಗೆ ಹಾರಲು ಮ್ಯಾಗ್ನೆಟ್ಟನ್ನು ಮುಟ್ಟದೆ, ತಳ್ಳುವ ವೋಲ್ಟೇಜ್ ಬದಲಿಸುತ್ತಾರೆ. ಹಾಗೆ ಬದಲಿಸುವಾಗ ವಿದ್ಯುತ್ ಸೆಕ್ಟರಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಬದಲಾಗಬೇಕು, ಇಲ್ಲದಿದ್ದರೆ ಅಯಾನುಗಳು ತಗಡಿಗೆ ಹೋಗಿ ಬಡಿಯುತ್ತವೆ. ಒಳಗೆ ಗಾಳಿ ಇರಕೂಡದು. ಒಂದು ಗಾಳಿಯ ಅಣು ಅಡ್ಡ ಬಂದರೂ ಅಯಾನಿನ ದಾರಿ ತಪ್ಪುತ್ತದೆ, ಶಿಖರದ ಬುಡದಲ್ಲಿ ಬಾಲ ಬೆಳೆಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಪಂಪ್ ನಿಂತರೆ ಮತ್ತೆ ಆ ನಿರ್ವಾತಕ್ಕೆ ಮರಳಲು ಎಷ್ಟೋ ಹೊತ್ತು ಕಾಯಬೇಕು. ಮಳೆ ಅಂದರೆ ಏನು ಅಂತ ಕೊಡಗಿನವರಿಗೆ ನಾನು ಹೇಳಬೇಕಿಲ್ಲ.

ನಿಮ್ಮ ತೋಟದ ಮಣ್ಣಿನ ಕೆಳಗೆ ಇರುವ ಬಂಡೆಗೂ ಈ ಯಂತ್ರಕ್ಕೂ ನಂಟಿದೆ, ಅದನ್ನೂ ಸೇರಿಸುತ್ತೇನೆ. ಕೊಡಗಿನ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಇಷ್ಟು ಹಳೆಯ ಬಂಡೆಗಳ ವಯಸ್ಸು ಗೊತ್ತಾಗುವುದು ಅವುಗಳೊಳಗಿನ ಜಿರ್ಕಾನ್ ಅನ್ನುವ ಮರಳಿನಷ್ಟು ಸಣ್ಣ ಹರಳಿನಿಂದ. ಅದರೊಳಗಿನ ಯುರೇನಿಯಂ ಸೀಸವಾಗುತ್ತಾ ಹೋಗುತ್ತದೆ, ಎರಡರ ಪ್ರಮಾಣ ಅಳೆದರೆ ವಯಸ್ಸು. ಇದನ್ನು ಅಳೆಯುವ ಒಂದು ವಿಧಾನದಲ್ಲಿ ಹರಳಿನ ಮೇಲೆ ಅಯಾನುಗಳನ್ನು ಹೊಡೆದು, ಎದ್ದು ಬಂದ ಅಯಾನುಗಳನ್ನು ದೊಡ್ಡ ಡಬಲ್ ಫೋಕಸಿಂಗ್ ಯಂತ್ರದಲ್ಲಿ ಬಿಡಿಸುತ್ತಾರೆ. ಹೊಡೆದು ಎಬ್ಬಿಸಿದ ಅಯಾನುಗಳ ಶಕ್ತಿ ತುಂಬಾ ಅಸ್ತವ್ಯಸ್ತ. ಅದರ ಜೊತೆಗೆ ಸೀಸ 208ರ ಮೇಲೆ ಹಾಫ್ನಿಯಂ ಆಕ್ಸೈಡ್ ಬಂದು ಕೂರುತ್ತದೆ, ನಿಮ್ಮ ಆರ್ಸೆನಿಕ್ ಮೇಲೆ ಆರ್ಗಾನ್ ಕ್ಲೋರೈಡ್ ಕೂತ ಹಾಗೆ. ಅದನ್ನು ಬಿಡಿಸಲು 5,000ದಷ್ಟು ರೆಸಲ್ಯೂಷನ್ ಬೇಕು. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಈ ಕೆಲಸಕ್ಕೆಂದೇ ಕಟ್ಟಿದ ಯಂತ್ರ ಒಂದು ಕೋಣೆ ತುಂಬುವಷ್ಟು ದೊಡ್ಡದು. ದೊಡ್ಡದು ಯಾಕೆಂದರೆ ತ್ರಿಜ್ಯ ಹೆಚ್ಚಿದಷ್ಟೂ ದ್ರವ್ಯರಾಶಿಗಳ ನಡುವಿನ ಸಂದು ಹೆಚ್ಚುತ್ತದೆ, ಸ್ಲಿಟ್ ತೀರಾ ಸಣ್ಣ ಮಾಡಬೇಕಿಲ್ಲ, ಅಯಾನುಗಳೂ ಉಳಿಯುತ್ತವೆ.

ಮತ್ತೆ ನಿಮ್ಮ ಬಾವಿಗೆ ಬರುತ್ತೇನೆ. ಮೊದಲ ಲ್ಯಾಬಿನ ಯಂತ್ರ ಕೆಟ್ಟದ್ದು ಅಂತ ತಿಳಿಯಬೇಡಿ. ಈಗಿನ ಕ್ವಾಡ್ರುಪೋಲ್‌ಗಳಲ್ಲಿ ಅಯಾನುಗಳನ್ನು ಹೀಲಿಯಂ ಅನಿಲದ ಮೂಲಕ ಹಾಯಿಸುವ ಒಂದು ಕೋಶ ಇರುತ್ತದೆ. ಆರ್ಗಾನ್ ಕ್ಲೋರೈಡ್ ದಪ್ಪ ಅಣು, ಹೀಲಿಯಂಗೆ ಜಾಸ್ತಿ ಸಲ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡು ಹಿಂದೆ ಉಳಿಯುತ್ತದೆ, ಆರ್ಸೆನಿಕ್ ದಾಟಿ ಬರುತ್ತದೆ. ಮಾಮೂಲಿ ನೀರಿನ ಪರೀಕ್ಷೆಗೆ ಅದು ಧಾರಾಳ ಸಾಕು, ಖರ್ಚೂ ಕಡಿಮೆ. ಅವರು ಆ ಕೋಶ ಬಳಸದೆ ಓಡಿಸಿರಬೇಕು, ಅಥವಾ ಬಾಟಲಿಯಲ್ಲಿ ಹೈಡ್ರೋಕ್ಲೋರಿಕ್ ಇದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಚೀಟಿಯಲ್ಲಿ ಬರೆದಿದ್ದಿರಾ?

ಈಗ ಮಾಡಬೇಕಾದದ್ದು: ಬಾವಿಯಿಂದ ಹೊಸದಾಗಿ ನೀರು ತೆಗೆಯಿರಿ. ಲ್ಯಾಬಿನವರೇ ಕೊಡುವ ಪ್ಲಾಸ್ಟಿಕ್ ಬಾಟಲಿ ಬಳಸಿ, ಲೋಹಗಳ ಪರೀಕ್ಷೆಗೆ ಹಾಕಬೇಕಾದದ್ದು ಶುದ್ಧ ನೈಟ್ರಿಕ್ ಆಸಿಡ್, ಅದನ್ನೂ ಅವರ ಕೈಯಲ್ಲೇ ಹಾಕಿಸಿ. ಮೊದಲ ಲ್ಯಾಬಿನಲ್ಲಿ ಇನ್ನೊಂದು ವಿಷಯ ಕೇಳಿ ನೋಡಿ. ನಿಮ್ಮ ಮಾದರಿಯಲ್ಲಿ 77ರ ಜಾಗದಲ್ಲಿ ಎಷ್ಟು ಎಣಿಕೆ ಬಂದಿತ್ತು ಅಂತ. ಕ್ಲೋರಿನ್ನಿಗೆ 35 ಮತ್ತು 37 ಎರಡು ಐಸೋಟೋಪ್, ಮೂರಕ್ಕೆ ಒಂದರ ಪ್ರಮಾಣದಲ್ಲಿ. 37ಕ್ಕೆ ಆರ್ಗಾನ್ 40 ಕೂಡಿದರೆ 77. ಆರ್ಸೆನಿಕ್ಕಿಗೆ 75 ಬಿಟ್ಟು ಬೇರೆ ಇಲ್ಲ. 77ರಲ್ಲೇ ಕಾಣುವ ಸೆಲೆನಿಯಂ ನೀರಿನಲ್ಲಿ ಇಲ್ಲದಿದ್ದು, 77ರಲ್ಲಿ 75ರ ಮೂರನೇ ಒಂದು ಭಾಗದಷ್ಟು ಎಣಿಕೆ ಇದ್ದರೆ, ಅವರು ಎಣಿಸಿದ್ದು ನಿಮ್ಮ ಆಸಿಡ್ಡಿನ ಕ್ಲೋರಿನ್ನನ್ನೇ.